ಶನಿವಾರದ ಊಟ ಯಾರ ಮನೆಯಲ್ಲಿ

ಆರು ಹೊತ್ತಿನ ಊಟದಲ್ಲಿ ಐದರ ವಿಳಾಸ ಕಾಗದದ ಮೇಲಿತ್ತು. ಉಳಿದ ಒಂದರ ಮುಂದೆ ಶಾ ಜಿಂಗ್‌ಯಾನ್ ಎರಡೇ ಪದ ಬರೆದಿದ್ದ: ವ್ಯವಸ್ಥೆ ಆಗಿದೆ.

ಯೂಲಾನ್ ಆ ಎರಡು ಪದಗಳ ಮೇಲೆ ಬೆರಳಿಟ್ಟಳು. ಶನಿವಾರ ಮಧ್ಯಾಹ್ನ ಊಟ ಎಲ್ಲಿ ಎಂದು ಕೇಳಿದಳು.

"ಒಂದು ಮನೇಲಿ."

"ಯಾರ ಮನೆ?"

"ಗೊತ್ತಿರೋರ ಮನೆ."

"ನನಗೆ ಗೊತ್ತಿಲ್ವಲ್ಲ."

"ನೀವಿನ್ನೂ ಅಲ್ಲಿ ಊಟ ಮಾಡಿಲ್ವಲ್ಲ, ಅದಕ್ಕೆ."

ಇಷ್ಟು ಹೇಳಿ ಅವನು ಬರೆಯುತ್ತಿದ್ದುದನ್ನು ಮುಗಿಸಿ, ಪೆನ್ನಿಗೆ ಮುಚ್ಚಳ ಹಾಕಿ, ಆಮೇಲೆ ತಲೆಯೆತ್ತಿದ. ಅವನ ರೀತಿಯೇ ಹಾಗೆ. ಆದರೆ ಒಮ್ಮೆ ತಲೆಯೆತ್ತಿದನೆಂದರೆ ಅಗತ್ಯಕ್ಕಿಂತ ಎರಡು ಸೆಕೆಂಡು ಹೆಚ್ಚು ನೋಡುತ್ತಿದ್ದ. ಯೂಲಾನ್ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಳು, ಅವನ ವಿರುದ್ಧ.

ಅನುಮಾನ ಪಡುವುದೇ ಅವಳ ಉದ್ಯೋಗ. ಹಾಂಗ್‌ಝೌನ ಒಂದು ರೇಷ್ಮೆ ಪರೀಕ್ಷಾಲಯದಲ್ಲಿ ನಾಲ್ಕು ವರ್ಷದಿಂದ ನೂಲು ಸುಟ್ಟು ಮೂಸಿ ನೋಡುತ್ತಿದ್ದಾಳೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಪ್ಲಾಸ್ಟಿಕ್ ವಾಸನೆ ಬಂದರೆ ಮೋಸ. ಮನುಷ್ಯರಿಗೆ ಇಂಥ ಪರೀಕ್ಷೆ ಇಲ್ಲ ಎಂಬುದೇ ಅವಳ ಕೊರಗು.

ಮಸೀದಿಯ ಹಿಂದಿನ ಓಣಿಯ ಎರಡು ಕೋಣೆಯ ಈ ಕಚೇರಿಗೆ ಅವಳು ಬಂದಿದ್ದು ಮಸೀದಿಯ ಗೋಡೆಯ ಮೇಲಿನ ಚೀಟಿ ನೋಡಿ. ಹೊರಗಿನಿಂದ ಬರುವ ಮುಸ್ಲಿಂ ಕುಟುಂಬಗಳಿಗೆ ಸರೋವರದ ಊರಲ್ಲಿ ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಎಲ್ಲಿ ನಮಾಜು ಮಾಡಬೇಕು ಎಂದು ಗೊತ್ತುಮಾಡಿಕೊಡುವುದು ಜಿಂಗ್‌ಯಾನ್‌ನ ಕೆಲಸ. ಶಿಆನ್‌ನಿಂದ ಅವಳ ಅಜ್ಜಿ ಮತ್ತು ಅಪ್ಪ ಬರುವವರಿದ್ದರು. ಶುಕ್ರವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನ ಹೊರಡುವುದು. ಸರೋವರ ನೋಡುವುದು ನೆಪ. ಅವರು ಬರುತ್ತಿದ್ದುದು ಅವಳನ್ನು ಕರೆದುಕೊಂಡು ಹೋಗಲು.

ತಪ್ಪು ಅವಳದೇ. ಎರಡು ವರ್ಷದ ಹಿಂದೆ ಲ್ಯಾಬಿನ ಹತ್ತಿರ ಒಂದು ನೂಡಲ್ಸ್ ಅಂಗಡಿ ಇತ್ತು. ಬಾಗಿಲ ಮೇಲೆ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂ ಹೂಜಿಯ ಚಿತ್ರ. ಇದು ನಮ್ಮ ಹುಯಿ ಮುಸ್ಲಿಮರ ಅಂಗಡಿ, ಧೈರ್ಯವಾಗಿ ಬನ್ನಿ ಎನ್ನುವುದಕ್ಕೆ ಆ ಹೂಜಿ ಗುರುತು. ಮೂರು ತಿಂಗಳು ದಿನಾ ಉಂಡಳು. ಒಂದು ದಿನ ಹಿಂಬಾಗಿಲಲ್ಲಿ ಹಂದಿ ಕೊಬ್ಬಿನ ಡಬ್ಬ ಇಳಿಸುವುದನ್ನು ಕಣ್ಣಾರೆ ಕಂಡಳು. ಸುಳ್ಳು ಹೇಳಲು ಬಾರದ ಹುಡುಗಿ, ಅಜ್ಜಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಳು. ಅಜ್ಜಿ ಆವತ್ತು ಏನೂ ಅನ್ನಲಿಲ್ಲ. ಎರಡು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಈಗ ಅಂದಳು: "ನಂಬಿ ಒಂದು ತುತ್ತು ನುಂಗೋಕಾಗದ ಊರಲ್ಲಿ ನಮ್ಮ ಹುಡುಗಿಗೇನು ಕೆಲಸ? ನಾನೇ ಬಂದು ನೋಡ್ತೀನಿ. ಸರಿ ಬರಲಿಲ್ಲ ಅಂದ್ರೆ ಸಾಮಾನು ಕಟ್ಟು."

ಶಿಆನ್‌ನಲ್ಲಿ ಚಿಕ್ಕಪ್ಪ ಬೇರೆ ಕೆಲಸ ಹುಡುಕಿಟ್ಟಾಗಿತ್ತು. ಕೆಲಸದ ಜೊತೆಗೆ ಒಬ್ಬ ಗಂಡನ್ನೂ ಹುಡುಕಿರಬಹುದು ಎಂದು ಅವಳಿಗೆ ಗುಮಾನಿ. ಹಾಗಾಗಿ ಈ ಆರು ಊಟಗಳ ಮೇಲೆ ಅವಳ ಬದುಕು ನಿಂತಿತ್ತು. ಅದರಲ್ಲಿ ಒಂದಕ್ಕೆ ವಿಳಾಸವೇ ಇರಲಿಲ್ಲ.

ಮಂಗಳವಾರ ಸಂಜೆ ಅವನು ಹೋಟೆಲ್ ತೋರಿಸಲು ಕರೆದೊಯ್ದ. ಯೂಲಾನ್ ಹಾಸಿಗೆ, ಬಚ್ಚಲು, ನಮಾಜಿಗೆ ಮುಖ ಮಾಡುವ ಕಿಬ್ಲಾ ದಿಕ್ಕು ನೋಡಿ ತಲೆಯಾಡಿಸಿದಳು. ಜಿಂಗ್‌ಯಾನ್ ಮಾತ್ರ ಮೇಜಿನ ಮೇಲಿದ್ದ ನೀರು ಕಾಯಿಸುವ ಕೆಟಲ್ ಎತ್ತಿ ಹೋಟೆಲಿನ ಕೆಲಸದ ಹುಡುಗಿಯ ಕೈಗೆ ಕೊಟ್ಟು, ಇದನ್ನು ಒಯ್ಯಿರಿ, ಹೊಸದು ನಾನು ತರುತ್ತೇನೆ ಎಂದ.

"ಕೆಟಲ್ ಏನು ಮಾಡ್ತು?" ಎಂದಳು ಯೂಲಾನ್.

"ಹಿಂದಿನ ಗಿರಾಕಿ ಇದರಲ್ಲಿ ಸಾಸೇಜ್ ಬೇಯಿಸಿಲ್ಲ ಅಂತ ಬರೆದುಕೊಡೋರು ಯಾರು?"

ಅವಳಿಗೆ ಇದು ಹೊಳೆದಿರಲಿಲ್ಲ. ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬಂತು. ತನಗಿಂತ ಹೆಚ್ಚು ಅನುಮಾನ ಪಡುವ ಗಂಡಸನ್ನು ಅವಳು ಈತನಕ ಕಂಡಿರಲಿಲ್ಲ. ಅಂಥವನು ಶನಿವಾರದ ಊಟದ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ ಎಂದರೆ?

ಬುಧವಾರ ಮೀನಿನ ಅಂಗಡಿ. ಈ ಊರಿನ ಹುಳಿ ಮೀನು ಪ್ರಸಿದ್ಧ. ಮೀನು ಹಲಾಲೇ, ಆದರೆ ಅಡುಗೆಯವರು ಅಕ್ಕಿ ಹೆಂಡ ಸುರಿಯದೆ ಅದನ್ನು ಮುಟ್ಟುವುದಿಲ್ಲ. ಜಿಂಗ್‌ಯಾನ್ ಪಟ್ಟಿಗೆ ಹಾಕಿದ್ದು ಒಬ್ಬ ಹುಯಿ ಮುದುಕನ ಅಂಗಡಿ. ಅಲ್ಲೂ ಒಳಗೆ ನುಗ್ಗಿ ವಿನೆಗರ್ ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಮೂರು ವರ್ಷದಿಂದ ಮೂಸ್ತಾನೆ, ಒಂದು ದಿನವೂ ಶೀತ ಆಗಿಲ್ಲ ಈ ಮನುಷ್ಯನಿಗೆ ಎಂದು ಮುದುಕ ಯೂಲಾನ್‌ಗೆ ದೂರು ಹೇಳಿದ. ಅವಳಿಗೆ ನಗು ಬಂತು. ನಕ್ಕಿದ್ದನ್ನು ಅವನು ನೋಡಿಬಿಟ್ಟ. ಈ ಸಲ ಎರಡು ಸೆಕೆಂಡಿಗೂ ಹೆಚ್ಚು.

ಊಟದ ನಂತರ ದೋಣಿಯ ಪರೀಕ್ಷೆ. ಅಜ್ಜಿಗೆ ಮೊಣಕಾಲು ನೋವು, ಹತ್ತಿ ಇಳಿಯುವಾಗ ಎಷ್ಟು ಎತ್ತರ ಎಂದು ಅಳೆಯಬೇಕಿತ್ತು. ಅಳೆದಾಯಿತು. ಆದರೂ ದೋಣಿಯವನು ಹುಟ್ಟು ಹಾಕುತ್ತಲೇ ಇದ್ದ, ಇಬ್ಬರೂ ಸಾಕು ಎನ್ನಲಿಲ್ಲ. ನೀರಿನ ಮೇಲೆ ಸಂಜೆ ಹಳದಿ ಬಿಸಿಲು. ದಂಡೆಯ ವಿಲೋ ಮರಗಳ ನೆರಳು ಅವನ ತೋಳಿನ ಮೇಲೆ ಹಾದುಹೋಗುತ್ತಿತ್ತು. ಚೆನ್ನಾಗಿದೆ ಅನ್ನಿಸಿದಷ್ಟೂ ಅವಳಿಗೆ ಭಯವಾಯಿತು. ಆ ನೂಡಲ್ಸ್ ಕೂಡ ಚೆನ್ನಾಗಿಯೇ ಇತ್ತು.

"ನೀವು ನಿಜವಾಗ್ಲೂ ಹುಯಿನಾ?" ಎಂದು ಕೇಳಿಬಿಟ್ಟಳು.

ಅವನು ಕಿಸೆಯಿಂದ ಗುರುತಿನ ಚೀಟಿ ತೆಗೆದು ಅವಳ ಕೈಗಿಟ್ಟ. ಜನಾಂಗ ಎಂಬಲ್ಲಿ ಹುಯಿ ಎಂದೇ ಇತ್ತು. ಹುಟ್ಟಿದ ತಾರೀಕನ್ನೂ ಅವಳು ಓದಿದಳು. ಇಪ್ಪತ್ತೊಂಬತ್ತು ವರ್ಷ.

"ಕಾರ್ಡಲ್ಲಿ ಬರೆದಿದ್ದು ಹೊಟ್ಟೇಲೂ ಬರೆದಿರುತ್ತಾ?" ಎಂದು ವಾಪಸು ಕೊಟ್ಟಳು.

"ಹೊಟ್ಟೆ ಓದೋಕೆ ನಿಮ್ಮ ಲ್ಯಾಬಲ್ಲಿ ಮಿಷನ್ ಇದ್ರೆ ನಾಳೆನೇ ಬರ್ತೀನಿ."

"ಶನಿವಾರ ಯಾರ ಮನೆ?"

ಅವನು ನೀರನ್ನು ನೋಡಿದ. ಇದುವರೆಗೆ ಯಾವ ಪ್ರಶ್ನೆಗೂ ಅವನು ಬೇರೆ ಕಡೆ ನೋಡಿ ಉತ್ತರಿಸಿರಲಿಲ್ಲ. ಶನಿವಾರ ಗೊತ್ತಾಗುತ್ತೆ ಎಂದ.

ಗುರುವಾರ ಅವಳು ಅರ್ಧ ದಿನ ರಜೆ ಹಾಕಿದಳು. ಕಚೇರಿಗೆ ಹೋಗಿ, ಹೇಳಿ ಇಲ್ಲವೇ ಬಿಡಿ ಎಂದು ಕಡ್ಡಿ ಮುರಿದ ಹಾಗೆ ಕೇಳುವುದು ಅವಳ ಯೋಚನೆ. ಓಣಿಯ ತಿರುವಿಗೆ ಬರುವಾಗಲೇ ಅವನು ಮಸೀದಿ ಪಕ್ಕದ ಮಾಂಸದಂಗಡಿಯಿಂದ ಚೀಲ ಹಿಡಿದು ಹೊರಟಿದ್ದ. ಬಸ್ ಹತ್ತಿದ. ಅವಳು ಹಿಂದಿನ ಬಾಗಿಲಿನಿಂದ ಹತ್ತಿದಳು.

ಊರು ಮುಗಿದು ಚಹಾ ಗುಡ್ಡ ಶುರುವಾಗುವಲ್ಲಿ ಅವನು ಇಳಿದ. ಕಣಿವೆಯ ತುಂಬ ಗುಯಿಹುವಾ ಹೂವಿನ ವಾಸನೆ. ರಾಗಿಯಷ್ಟು ಚಿಕ್ಕ ಹಳದಿ ಹೂಗಳು ರಸ್ತೆಯ ಅಂಚಿನಲ್ಲಿ ರಾಶಿ ಬಿದ್ದಿದ್ದವು. ಅವಳು ಐವತ್ತು ಹೆಜ್ಜೆ ಹಿಂದೆ ನಡೆದಳು. ಹುಡುಗನ ಹಿಂದೆ ಹೀಗೆ ಹೋಗುತ್ತಿರುವುದು ಅಜ್ಜಿಗೆ ಗೊತ್ತಾದರೆ ಹಲಾಲ್ ವಿಷಯ ಪಕ್ಕಕ್ಕಿಟ್ಟು ಇದನ್ನೇ ವಿಚಾರಿಸುತ್ತಾಳೆ ಎಂದುಕೊಂಡಳು.

ಸುಣ್ಣದ ಗೋಡೆಯ ಒಂದು ಮನೆ. ಸೂರಿನ ಕೆಳಗೆ, ಬಾಗಿಲಿನ ಪಕ್ಕದಲ್ಲೇ, ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆ ತೂಗುತ್ತಿತ್ತು.

ಒಳಗಿನಿಂದ ಒಬ್ಬ ಮುದುಕಿ ಬಂದು ಜಿಂಗ್‌ಯಾನ್‌ನ ಕೈಯ ಚೀಲ ತೆಗೆದುಕೊಂಡಳು. ತೆಳ್ಳಗಾಗಿದ್ದೀಯ ಎಂದು ಬೈದಳು. ಮಸೀದಿಯ ಮಾಂಸ ಆ ತೊಡೆಯ ಪಕ್ಕದಿಂದ ಹಾದು ಒಳಗೆ ಹೋಯಿತು.

ಯೂಲಾನ್ ರಸ್ತೆಯ ಅಂಚಿನಿಂದ ಎಲ್ಲವನ್ನೂ ನೋಡಿದಳು. ಮತ್ತೆ ಅದೇ ಹೂಜಿಯ ಚಿತ್ರ. ಈ ಸಲ ಚಿತ್ರ ಬಾಗಿಲ ಮೇಲಿರಲಿಲ್ಲ, ಅವನ ಮುಖದಲ್ಲಿತ್ತು, ಅಷ್ಟೇ ವ್ಯತ್ಯಾಸ. ತಿರುಗಿ ಹೋಗುವಷ್ಟರಲ್ಲಿ ಮುದುಕಿ ಕಂಡು, ಯಾರಮ್ಮ ನೀನು ಎಂದು ಕೂಗಿದಳು. ಜಿಂಗ್‌ಯಾನ್ ಹೊರಗೆ ಬಂದ. ಅವನ ಕಿವಿ ಕೆಂಪಾಯಿತು.

"ನಮ್ಮಜ್ಜಿ," ಎಂದ. "ಅಮ್ಮನ ಅಮ್ಮ. ಹಾನ್ ಜನ. ನಮ್ಮಮ್ಮ ಮದುವೆಗೆ ಮುಂಚೆ ಕಲಿಮಾ ಓದಿ ಮುಸ್ಲಿಂ ಆದ್ಲು. ಅಜ್ಜಿ ಓದಿಲ್ಲ."

ಅವಳು ತೊಡೆಯ ಕಡೆ ನೋಡಿದಳು. ಅವನು ಬನ್ನಿ ಎಂದು ಹಿತ್ತಿಲಿಗೆ ನಡೆದ. ಮನೆಗೆ ತಾಗಿದಂತೆ ಹೆಂಚು ಹೊದಿಸಿದ ಬೇರೆಯದೇ ಒಂದು ಕೋಣೆ, ಅದರಲ್ಲಿ ಬೇರೆಯದೇ ಒಲೆ. ಗೋಡೆಯ ಬೀರುವಿಗೆ ಬೀಗ. ಮುದುಕಿ ಸೊಂಟದ ಕೀಲಿಯಿಂದ ತೆಗೆದಳು. ಒಂದು ಬಾಣಲೆ, ಎರಡು ಪಾತ್ರೆ, ಸೌಟು, ಹನ್ನೆರಡು ಬಟ್ಟಲು, ಬಟ್ಟೆಯಲ್ಲಿ ಸುತ್ತಿಟ್ಟ ಚಾಪ್‌ಸ್ಟಿಕ್‌ಗಳು. ತೊಳೆಯುವ ಬಟ್ಟೆ ಬೇರೆ, ಅದನ್ನು ಒಣಗಿಸುವ ಹಗ್ಗವೂ ಬೇರೆ. ಅಳಿಯ ಬರುವ ದಿನ ಇದೇ ಪಾತ್ರೆಯಲ್ಲಿ ಮಗಳು ಅಡುಗೆ ಮಾಡುತ್ತಾಳೆ, ಮೂವತ್ತೊಂದು ವರ್ಷವಾಯಿತು ಎಂದಳು ಮುದುಕಿ. ನಾಲ್ಕು ವರ್ಷ ಈ ಊರಲ್ಲಿದ್ದು ಯೂಲಾನ್‌ಗೆ ಇಲ್ಲಿನ ಮಾತು ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿತ್ತು. ಮುದುಕಿ ಮೊಮ್ಮಗನ ಕಡೆ ತಿರುಗಿ, ವಾರದಿಂದ ನೀನು ಬಾಯಿ ತೆರೆದರೆ ಹೇಳುವ ಹುಡುಗಿ ಇವಳೇ ಏನು ಎಂದಳು. ಅದೂ ತಿಳಿಯಿತು. ತಿಳಿಯದವಳ ಹಾಗೆ ಬಟ್ಟಲು ನೋಡಿದಳು.

ಮುದುಕಿ ಚಹಾಕ್ಕೆ ನೀರಿಡಲು ಒಳಗೆ ಹೋದ ಮೇಲೆ ಯೂಲಾನ್ ಕೇಳಿದಳು: "ಮುಂಚೆನೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮಜ್ಜಿ ಬರ್ತಿದ್ರಾ?"

"ಇಲ್ಲ."

"ಅದಕ್ಕೇ. ಐದು ಹೋಟೆಲ್ ತೋರಿಸಿದ್ರೆ ಪ್ರವಾಸಿಗೆ ಊಟ ಸಿಗುತ್ತೆ ಅಂತ ಗೊತ್ತಾಗುತ್ತೆ. ನಿಮ್ಮಜ್ಜಿ ಕೇಳ್ತಿರೋದು ಇಲ್ಲಿ ಬದುಕೋಕಾಗುತ್ತಾ ಅಂತ. ಅದಕ್ಕೆ ಮನೆ ತೋರಿಸ್ಬೇಕು. ನಮ್ಮ ಮನೆ ಆರನೇ ಮಹಡಿ, ಲಿಫ್ಟ್ ಇಲ್ಲ. ಇಲ್ಲಿ ಊಟ ಆದ್ಮೇಲೆ ಎಲ್ಲ ಹೇಳೋಣ ಅಂತಿದ್ದೆ."

"ಉಂಡ ಮೇಲೆ ಹೇಳೋದನ್ನ ಮೋಸ ಅಂತಾರೆ. ಬರಲ್ಲ ಅನ್ನೋ ಹಕ್ಕು ನಮ್ಮಜ್ಜಿಗಿತ್ತು. ಅದನ್ನ ನೀವು ಕದೀತಿದ್ರಿ."

ಅವಳು ಬಾಗಿಲಿನತ್ತ ಕೈ ಮಾಡಿ, ಶನಿವಾರ ಆ ತೊಡೆ ಎಲ್ಲಿರುತ್ತದೆ ಎಂದು ಕೇಳಿದಳು. ಪಕ್ಕದ ಮನೆಯಲ್ಲಿಡೋಣ ಅಂದುಕೊಂಡಿದ್ದೆ ಎಂದು ಅವನು ನೆಲ ನೋಡಿಕೊಂಡೇ ಒಪ್ಪಿಕೊಂಡ.

"ತೆಗೀಬೇಡಿ. ಅಜ್ಜಿಗೆ ಮುಂಚೆನೇ ಹೇಳಿ. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಹೇಳಿದ್ರೆ ನಿಮ್ಮ ಸಾಮಾನು ಕಟ್ಟಿಸ್ತಾರೆ."

"ಕಟ್ತೀನಿ," ಎಂದಳು ಯೂಲಾನ್. ಚಹಾ ಕುಡಿಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ತನಗೆ ಅಳು ಬರುತ್ತಿರುವುದು ಊರು ಬಿಡಬೇಕಾದೀತೆಂದೋ, ಅವನನ್ನು ಬಿಡಬೇಕಾದೀತೆಂದೋ ಎಂದು ಯೋಚಿಸಿದಳು. ಪ್ರಾಮಾಣಿಕವಾಗಿ ಯೋಚಿಸಿದಾಗ ಬಂದ ಉತ್ತರ ಅವಳಿಗೇ ಹಿಡಿಸಲಿಲ್ಲ.

ಶುಕ್ರವಾರ ಸಂಜೆ ಅಜ್ಜಿ ರೈಲಿನಿಂದ ಇಳಿದಾಗ ಜಿಂಗ್‌ಯಾನ್ ಕೂಡ ಸ್ಟೇಷನ್ನಿಗೆ ಬಂದಿದ್ದ. ಅಜ್ಜಿಯ ತಲೆಗೆ ಕಪ್ಪು ವಸ್ತ್ರ, ಕೈಯಲ್ಲಿ ಚೀಲ. ಚೀಲದಲ್ಲಿ ಎರಡು ದಿನಕ್ಕಾಗುವಷ್ಟು ಒಣ ರೊಟ್ಟಿ, ಬೇಯಿಸಿದ ಮೊಟ್ಟೆ, ಸ್ವಂತ ಲೋಟ. ಅಪ್ಪ ಹಿಂದಿನಿಂದ ಮಗಳಿಗೆ ಕಣ್ಣಲ್ಲೇ, ನಾನೇನು ಮಾಡಲಿ ಎಂದ. ರಾತ್ರಿ ಊಟಕ್ಕೆ ಹುಯಿ ಅಂಗಡಿಗೆ ಹೋದರು. ಅಪ್ಪ ಎರಡು ಬಟ್ಟಲು ಕುರಿ ಸಾರು ಕುಡಿದು, ಶಿಆನ್‌ನ ನನ್ನ ಸಾರಿನಂಗಡಿಯದಕ್ಕಿಂತ ಉಪ್ಪು ಕಮ್ಮಿ, ಆದರೆ ಮೋಸವಿಲ್ಲ ಎಂದು ತೀರ್ಪು ಕೊಟ್ಟ. ಅಜ್ಜಿ ತನ್ನ ರೊಟ್ಟಿ ಮುರಿದು ತನ್ನ ಲೋಟದ ನೀರಿನಲ್ಲಿ ಅದ್ದಿ ತಿಂದಳು. ಶನಿವಾರ ಬೆಳಿಗ್ಗೆಯೂ ಹಾಗೆಯೇ. ಪಟ್ಟಿಯಲ್ಲಿ ಎರಡು ಊಟ ಹೋದವು.

ಹತ್ತು ಗಂಟೆಗೆ ಸರೋವರದ ದಂಡೆಯ ಬೆಂಚಿನ ಮೇಲೆ ಅಜ್ಜಿ ಕೂತಿದ್ದಳು. ಯೂಲಾನ್ ಬಾಯಿ ತೆರೆಯಲು ಧೈರ್ಯ ಕೂಡಿಸುತ್ತಿದ್ದಳು. ಅಷ್ಟರಲ್ಲಿ ಜಿಂಗ್‌ಯಾನ್ ಬಂದು ಸಲಾಂ ಹೇಳಿ, ಅಜ್ಜಿಯ ಎದುರು ಕುಕ್ಕುರುಗಾಲಲ್ಲಿ ಕೂತ. ಕೂತವನು ಎಲ್ಲವನ್ನೂ ಹೇಳಿದ. ಹಾನ್ ಅಜ್ಜಿ, ಬೀಗದ ಬೀರು, ಬಾಗಿಲಲ್ಲಿ ತೂಗುವ ತೊಡೆ, ಅದನ್ನು ಬಚ್ಚಿಡಬೇಕೆಂದಿದ್ದದ್ದು, ಊಟವಾದ ಮೇಲೆ ಹೇಳಬೇಕೆಂದಿದ್ದದ್ದು. ಏನನ್ನೂ ಕಡಿಮೆ ಮಾಡಲಿಲ್ಲ.

ಅಜ್ಜಿ ಕೋಲಿನ ಮೇಲೆ ಎರಡೂ ಕೈ ಇಟ್ಟು ಪೂರ್ತಿ ಕೇಳಿದಳು. ಆಮೇಲೆ ಇದನ್ನು ನಿನ್ನೆ ಸ್ಟೇಷನ್ನಿನಲ್ಲೇ ಹೇಳಬಹುದಿತ್ತಲ್ಲ ಎಂದಳು.

"ನಿನ್ನೆ ಧೈರ್ಯ ಇರಲಿಲ್ಲ, ಅಜ್ಜಿ."

"ಇವತ್ತೆಲ್ಲಿಂದ ಬಂತು?"

ಅವನ ಕಣ್ಣು ಅರ್ಧ ಕ್ಷಣ ಯೂಲಾನ್ ಕಡೆ ಹೋಗಿ ಬಂತು. ಅರವತ್ತು ವರ್ಷ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳ ಕಣ್ಣು ನೋಡಿದ ಮುದುಕಿಗೆ ಅರ್ಧ ಕ್ಷಣ ಸಾಕು. ಓಹೋ ಎಂದಳು. ಕೋಲು ಊರಿ ಎದ್ದಳು.

"ನಡಿ. ನೋಡ್ತೀನಿ. ಉಣ್ತೀನಿ ಅಂತ ಹೇಳಿಲ್ಲ."

ತೊಡೆ ಇದ್ದಲ್ಲೇ ಇತ್ತು. ಅಜ್ಜಿ ಅದರ ಕೆಳಗೆ ನಿಂತು, ತಲೆಯೆತ್ತಿ, ಮಾರುಕಟ್ಟೆಯಲ್ಲಿ ಪರರ ಸರಕು ನೋಡುವ ಹಾಗೆ ನೋಡಿದಳು. ಜಿಂಗ್‌ಯಾನ್‌ನ ಅಮ್ಮ ತಲೆವಸ್ತ್ರ ಸರಿಮಾಡಿಕೊಂಡು ಸಲಾಂ ಹೇಳಿದಳು. ಅವಳ ಬೆನ್ನ ಹಿಂದೆ ಅವಳ ತಾಯಿ. ಅಜ್ಜಿ ಸೀದಾ ಹಿತ್ತಿಲ ಕೋಣೆಗೆ ಹೋದಳು. ಪಾತ್ರೆಯ ತಳ ತಿರುಗಿಸಿದಳು, ಸೌಟಿನ ಹಿಡಿ ಮೂಸಿದಳು, ಹಗ್ಗದ ಗಂಟನ್ನೂ ಮುಟ್ಟಿ ನೋಡಿದಳು. ಇಬ್ಬರು ಮುದುಕಿಯರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಜಿಂಗ್‌ಯಾನ್ ಮಧ್ಯೆ ನಿಂತು ತಿಳಿಸಿ ಹೇಳಿದ. ಅವನು ಸರಿಯಾಗಿ ಹೇಳುತ್ತಿದ್ದಾನೋ ಎಂದು ಯೂಲಾನ್ ಪ್ರತಿ ಮಾತಿಗೂ ಕಿವಿಗೊಟ್ಟಿದ್ದಳು. ಸರಿಯಾಗಿಯೇ ಹೇಳಿದ.

ಬಾಗಿಲಿಗೆ ಅದನ್ನು ನೇತುಹಾಕಿಕೊಂಡು ನಮ್ಮನ್ನು ಊಟಕ್ಕೆ ಕರೆದಿದ್ದೀರಲ್ಲ, ಹೇಗೆ ಎಂಬುದು ಅಜ್ಜಿಯ ಪ್ರಶ್ನೆ.

"ನಾನು ತಿಂತೀನಿ, ಅದಕ್ಕೆ ತೂಗಿದೆ," ಎಂದಳು ಹಾನ್ ಮುದುಕಿ. "ನನ್ನ ಅಳಿಯ ತಿನ್ನಲ್ಲ, ಅದಕ್ಕೆ ಈ ಬೀಗ ಇದೆ. ಎರಡೂ ಈ ಮನೇದೇ. ಯಾವುದನ್ನ ಮುಚ್ಚಿಡಲಿ?"

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಚ್ಚಿಡುವವರಾಗಿದ್ದರೆ ಮೊದಲು ಅದನ್ನೇ ಮುಚ್ಚಿಡುತ್ತಿದ್ದರು ಎಂದು ಮಗನಿಗೆ ಹೇಳಿದಳು. ಮೇಜನ್ನು ಅಂಗಳದ ಮರದ ಕೆಳಗೆ ಹಾಕಿಸಿ, ಆ ಬಾಗಿಲಿಗೆ ಬೆನ್ನು ಮಾಡಿ ಕೂತಳು. ಬಿಸ್ಮಿಲ್ಲಾ ಎಂದು ಒಂದು ತುತ್ತು. ಅಗಿದಳು, ನಿಲ್ಲಿಸಿದಳು. ಎರಡನೆಯ ತುತ್ತು. ಮೂರನೆಯದಕ್ಕೆ, ಶುಂಠಿ ಜಾಸ್ತಿಯಾಯಿತು ಎಂದಳು. ಆಮೇಲೆ ಬಟ್ಟಲನ್ನು ಮುಂದೆ ಸರಿಸಿ, ಸಾರು ಹಾಕು ಎಂದಳು. ಅಪ್ಪ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ಶುಂಠಿಯದು ಎಂದ.

ಭಾನುವಾರ ಮಧ್ಯಾಹ್ನ ಸ್ಟೇಷನ್ನಿನಲ್ಲಿ, ತಪಾಸಣೆಯ ಸಾಲಿಗೆ ಸೇರುವ ಮುನ್ನ, ಅಜ್ಜಿ ಮೊಮ್ಮಗಳ ಕೈ ಹಿಡಿದಳು. "ಈ ಊರಿನ ಮೇಲೆ ನಂಬಿಕೆ ಬಂದಿಲ್ಲ. ಒಂದು ಮನೆ ಸಿಕ್ಕಿದೆ, ಸದ್ಯಕ್ಕೆ ಸಾಕು. ಇರು." ಆಮೇಲೆ ಜಿಂಗ್‌ಯಾನ್‌ನ ಕಡೆ ತಿರುಗಿ, ಇವಳು ಹುಟ್ಟಿದಾಗಿನಿಂದ ಎಲ್ಲದರ ಮೇಲೂ ಅನುಮಾನ ಪಡುವವಳು, ಇವಳ ಜೊತೆ ಇರುವವರು ಬದುಕಿಡೀ ಪರೀಕ್ಷೆ ಬರೆಯಬೇಕು, ತಿಳಿದಿರಲಿ ಎಂದಳು. ಉತ್ತರಕ್ಕೆ ಕಾಯದೆ ಸಾಲು ಸೇರಿದಳು.

ಹೊರಗೆ ಬಂದು ಇಬ್ಬರೂ ಸ್ವಲ್ಪ ದೂರ ನಡೆದರು.

"ನನಗೊಂದು ಅನುಮಾನ," ಎಂದಳು ಯೂಲಾನ್.

"ಒಂದೇನಾ?"

"ನಿನ್ನೆ ನಾನು ಹೇಳೋಕೆ ಮುಂಚೆ ನೀವೇ ಹೇಳಿದ್ರಲ್ಲ. ಹೇಗೂ ನಾನು ಹೇಳ್ತೀನಿ ಅಂತಾನಾ?"

ಅವನು ನಿಂತ. "ನೀವು ಹೇಳಿದ್ರೆ ಅದು ನನ್ನ ಮೇಲೆ ದೂರು ಆಗ್ತಿತ್ತು. ನಾನು ಹೇಳಿದ್ರೆ ಅರ್ಜಿ."

"ಯಾವುದಕ್ಕೆ ಅರ್ಜಿ?"

ಅವನು ಅವಳನ್ನು ನೋಡಿದ. ಯೂಲಾನ್ ಸೆಕೆಂಡು ಎಣಿಸಲಿಲ್ಲ. ನಿಲ್ದಾಣದ ಜನ ಅವರಿಬ್ಬರನ್ನು ಬಳಸಿಕೊಂಡು ಹೋಗುತ್ತಿದ್ದರು. ಯಾರದೋ ಚಕ್ರದ ಪೆಟ್ಟಿಗೆ ಅವಳ ಕಾಲಿಗೆ ತಾಗಿ ಮುಂದೆ ಉರುಳಿತು.

"ನಿಮ್ಮಜ್ಜಿ ಇರು ಅಂದ್ರು. ನನ್ನ ಹತ್ರ ಇರು ಅಂತ ಕೇಳೋದು ನನ್ನ ಕೆಲಸ. ಕೇಳ್ತಿದೀನಿ."

ಇವನು ಬಚ್ಚಿಡಬಲ್ಲ, ಅದು ನಿಜ. ಬಚ್ಚಿಟ್ಟದ್ದನ್ನು ಎಲ್ಲರೆದುರು ಕುಕ್ಕುರುಗಾಲಲ್ಲಿ ಕೂತು ಬಿಚ್ಚಿಡಬಲ್ಲ, ಅದೂ ನಿಜ. ಎರಡನ್ನೂ ಅವಳು ಕಣ್ಣಾರೆ ನೋಡಿದ್ದಳು. ಒಬ್ಬ ಮನುಷ್ಯನ ಬಗ್ಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬಹುಶಃ ಯಾರಿಗೂ ಸಿಗುವುದಿಲ್ಲ.

"ಯೂಲಾನ್ ಅನ್ನೋದು ಲ್ಯಾಬಿನವರು ಕರೆಯೋ ಹೆಸರು," ಎಂದಳು ಕೊನೆಗೆ.

ಜಿಂಗ್‌ಯಾನ್‌ಗೆ ಅರ್ಥವಾಯಿತು. ಹುಯಿ ಮನೆಗಳಲ್ಲಿ ಮಗು ಹುಟ್ಟಿದಾಗ ಮೌಲ್ವಿ ಕಿವಿಯಲ್ಲಿ ಇನ್ನೊಂದು ಹೆಸರು ಹೇಳುತ್ತಾರೆ. ಅದು ಮನೆಯವರಿಗಷ್ಟೇ ಗೊತ್ತು. ಹೊರಗಿನ ಗಂಡಸಿನ ಎದುರು ಆ ಹೆಸರು ಬಾಯಿಗೆ ಬರುವುದು ನಿಕಾಹ್‌ನ ದಿನ.

"ಹಲೀಮಾ," ಎಂದಳು ಅವಳು, ಅವನಿಗೆ ಮಾತ್ರ ಕೇಳುವಷ್ಟು.